ಹಾಗೇ ಆಗಲಿ

ಮೊದಲೇ ಹೇಳಿಬಿಡುತ್ತೇನೆ, ಆವತ್ತು ನಾನೂ ಅಂದೆ. ತೊಡೆಯ ಮೇಲೆ ನಡಾವಳಿ ಪುಸ್ತಕ, ಕೈಯಲ್ಲಿ ಪೆನ್ನು. ಸಭೆಯಲ್ಲಿ ಯಾರು ಏನಂದರು ಅಂತ ಒಂದಕ್ಷರ ಬಿಡದೆ ಬರೆದುಕೊಳ್ಳುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಅಂಥ ನಾನೇ ಎಲ್ಲರ ಜೊತೆ ದನಿ ಸೇರಿಸಿ 'ಹಾಗೇ ಆಗಲಿ' ಅಂದುಬಿಟ್ಟೆ. ಯಾವುದಕ್ಕೆ ಅಂದೆ ಅಂತ ಗೊತ್ತಾದದ್ದು ಅಂದಮೇಲೆ. ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳೋಣ ಅನಿಸುತ್ತದೆ.

ನಾನು ವಾರ್ಡ್ ಕಚೇರಿಯ ಗುಮಾಸ್ತ. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ; ಕಚೇರಿಯಲ್ಲೂ ಬೀದಿಯಲ್ಲೂ ನಾನು 'ನಡಾವಳಿ'. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ ಅಂತ ಹೆಂಡತಿಯ ದೂರು. ಕೂತಿರುತ್ತದೆ, ಏನೀಗ? ದಿನಾ ಹತ್ತು ಜನ ಬಂದು, ಅಂದದ್ದನ್ನು ಅಂದಿಲ್ಲ ಅಂತ, ಅನ್ನದ್ದನ್ನು ಅಂದಿದ್ದೀನಿ ಅಂತ ಮೇಜು ಬಡಿದರೆ ಯಾರಿಗೂ ಕೂರುತ್ತದೆ.

ನಮ್ಮ ವಾರ್ಡಿನಲ್ಲಿ ಒಂದು ನಿಯಮ ಇದೆ. ಚರಂಡಿ, ಬೀದಿದೀಪ, ನಲ್ಲಿ, ಇಂಥವಕ್ಕೆ ಅರ್ಧಕ್ಕಿಂತ ಹೆಚ್ಚು ಜನ ಕೈಯೆತ್ತಿದರೆ ಆಯಿತು. ಆದರೆ ಜನ ವಾಸ ಇರುವ ಮನೆ ತೆರವು ಮಾಡಿಸಬೇಕಾದರೆ ಸಭೆ ಒಕ್ಕೊರಲಿನಿಂದ ಒಪ್ಪಬೇಕು. ಅದೂ ಎರಡು ಸಲ. ವಿಷಯ ಮಂಡಿಸಿದ ದಿನ ಒಮ್ಮೆ, ಎಂಟು ದಿನ ಬಿಟ್ಟು ನಡಾವಳಿ ಓದಿ ಖಾಯಂ ಮಾಡುವ ದಿನ ಇನ್ನೊಮ್ಮೆ. ಎರಡರಲ್ಲಿ ಯಾವತ್ತೇ ಆಗಲಿ, ಒಬ್ಬರು, ಒಬ್ಬರೇ ಒಬ್ಬರು ಎದ್ದು ನಿಂತು 'ಬೇಡ' ಅಂದರೆ ಕಡತ ಬಿದ್ದುಹೋಯಿತು. ಯಾವ ಪುಣ್ಯಾತ್ಮ ಬರೆದನೋ ಏನೋ. ನನ್ನ ಕಾಲದಲ್ಲಿ ಅದನ್ನು ಬಳಸುವ ಪ್ರಸಂಗವೇ ಬಂದಿರಲಿಲ್ಲ.

ಸಭೆ ಯಾವಾಗಲೂ ಕಚೇರಿಯ ಹಿಂದಿನ ಕೋಣೆಯಲ್ಲೇ ನಡೆಯುವುದು. ಈ ಸಲ ವಾರ್ಡಿನ ಅಧ್ಯಕ್ಷರು, "ಚಾವಣಿ ಯಾಕೋ ಸರಿಯಿಲ್ಲ ಕಣ್ರೀ ನಡಾವಳಿ, ಪ್ರಾರ್ಥನಾ ಮಂದಿರದಲ್ಲೇ ಇಟ್ಕೊಳ್ಳೋಣ" ಅಂದರು. ಚಾವಣಿ ಗಟ್ಟಿಯಾಗಿತ್ತು. ಅದರ ಕೆಳಗೇ ಕೂತು ನಾನು ನೋಟಿಸ್ ಬರೆದೆ. ಚುನಾವಣೆಗೆ ನಾಲ್ಕು ತಿಂಗಳಿತ್ತು, ಚುನಾವಣೆ ಹತ್ತಿರ ಬಂದಾಗ ಅಧ್ಯಕ್ಷರಿಗೆ ಭಕ್ತಿ ಉಕ್ಕುವುದು ವಾರ್ಡಿಗೆಲ್ಲ ಗೊತ್ತು. ಸರಿ, ಉಕ್ಕಲಿ, ನನಗೇನು ಅಂದುಕೊಂಡೆ. ವಿಷಯಪಟ್ಟಿಯಲ್ಲಿ ನಾಲ್ಕನೆಯದು 'ಮಂದಿರದ ಅಂಗಳ ವಿಸ್ತರಣೆ' ಅಂತಿತ್ತು. ನಕ್ಷೆ ಕಡತದೊಳಗೆ ಮಡಚಿ ಇಟ್ಟಿತ್ತು. ಬಿಡಿಸಿ ನೋಡಲಿಲ್ಲ. ಅದು ನನ್ನ ತಪ್ಪು.

ಮಂದಿರದಲ್ಲಿ ಕೂತಮೇಲೆ ಪ್ರಾರ್ಥನೆ ಮಾಡದೆ ಸಭೆ ಶುರು ಮಾಡುವುದುಂಟೇ? ಹಿರಿಯರು ಪುಸ್ತಕ ಬಿಚ್ಚಿದರು. ಹಿರಿಯರು ಅಂದರೆ ನಮ್ಮಲ್ಲಿ ಪ್ರಾರ್ಥನೆ ಓದಿಸುವವರು, ಎಂಬತ್ತರ ಹತ್ತಿರದವರು, ನನಗೆ ಅಕ್ಷರ ತಿದ್ದಿಸಿದವರೂ ಅವರೇ. ಅವರು ಒಂದೊಂದು ಸಾಲನ್ನು ರಾಗವಾಗಿ ಎಳೆದು ನಿಲ್ಲಿಸುತ್ತಾರೆ. ನಾವು 'ಹಾಗೇ ಆಗಲಿ' ಅನ್ನುತ್ತೇವೆ. ಹುಟ್ಟಿದಾಗಿನಿಂದ ಅನ್ನುತ್ತ ಬಂದದ್ದು. ರಾಗ ನಿಂತಿತೋ, ಬಾಯಿ ತಾನಾಗಿ ತೆರೆಯುತ್ತದೆ. ಕೊನೆಗೆ ಅವರು ಪುಸ್ತಕ ಮುಚ್ಚಿ ದಾರ ಸುತ್ತುತ್ತಾರೆ. ಅಲ್ಲಿಗೆ ಪ್ರಾರ್ಥನೆ ಮುಗಿಯಿತು. ಅಲ್ಲಿಯವರೆಗೆ ಯಾರೂ ಕೆಮ್ಮುವುದೂ ಇಲ್ಲ.

ಆವತ್ತು ಹಿರಿಯರು ಪುಸ್ತಕ ಮುಚ್ಚುವ ಮೊದಲೇ ಅಧ್ಯಕ್ಷರು ಎದ್ದು ಅವರ ಪಕ್ಕ ನಿಂತರು. ತಲೆ ಬಗ್ಗಿಸಿದರು. ಅದೇ ರಾಗ ಎತ್ತಿದರು.

"ನಮ್ಮ ಮಕ್ಕಳಿಗೆ ನೆರಳು ಸಿಗಲಿ..."

"ಹಾಗೇ ಆಗಲಿ."

"ಬಳಲಿ ಬಂದವರಿಗೆ ಕೂರಲು ಜಾಗ ಸಿಗಲಿ..."

"ಹಾಗೇ ಆಗಲಿ."

"ಈ ಅಂಗಳ ಹಿಂದಿನ ಓಣಿಯ ಕೊನೆಯವರೆಗೂ ಹರಡಲಿ..."

"ಹಾಗೇ ಆಗಲಿ."

ಅಧ್ಯಕ್ಷರು ತಲೆ ಎತ್ತಿ, ಬೇರೆಯೇ ದನಿಯಲ್ಲಿ, "ನಾಲ್ಕನೇ ವಿಷಯ ಒಕ್ಕೊರಲಿನಿಂದ ಪಾಸಾಯ್ತು, ಬರ್ಕೊಳ್ಳಿ ನಡಾವಳಿ" ಅಂದರು. ಆಮೇಲೆ ಹಿರಿಯರು ಪುಸ್ತಕ ಮುಚ್ಚಿದರು. ಜನ ಕೆಮ್ಮಿದರು.

ಹಿಂದಿನ ಓಣಿಯಲ್ಲಿ ಹನ್ನೊಂದು ಮನೆಗಳಿವೆ. ಮೂರನೆಯದು ನನ್ನ ಅಕ್ಕನದು. ಅಕ್ಕ ಎರಡನೇ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಎಲ್ಲರಿಗಿಂತ ಗಟ್ಟಿಯಾಗಿ ಹಾಗೇ ಆಗಲಿ ಅಂದವಳು ಅವಳೇ. ಅವಳದು ಯಾವಾಗಲೂ ದೊಡ್ಡ ಗಂಟಲು.

ನೇರ ಅವಳ ಅಂಗಡಿಗೆ ಹೋದೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀಗದಕೈ ಮಾಡಿಕೊಡುವುದು ಭಾವನ ಕೆಲಸವಾಗಿತ್ತು. ಭಾವ ಹೋದಮೇಲೆ ಅಕ್ಕ ಅದೇ ಯಂತ್ರದ ಮುಂದೆ, ಅದೇ ಸ್ಟೂಲಿನ ಮೇಲೆ ಕೂತಳು. ಒಂದು ಕಡೆ ಹಳೆಯ ಕೈ ಸಿಕ್ಕಿಸಿ, ಇನ್ನೊಂದು ಕಡೆ ಹಲ್ಲಿಲ್ಲದ ಹೊಸದನ್ನು ಸಿಕ್ಕಿಸಿ ತಿರುಗಿಸುತ್ತಾಳೆ, ಆಮೇಲೆ ಸಣ್ಣ ಅರದಿಂದ ಉಜ್ಜುತ್ತಾಳೆ. ಸೀರೆಯ ಮಡಿಲಲ್ಲಿ ಯಾವಾಗಲೂ ಹಿತ್ತಾಳೆ ಪುಡಿ. ನಾನು ಹೋದಾಗ ಯಾರದೋ ಕಪಾಟಿನ ಕೈ ಉಜ್ಜುತ್ತಿದ್ದಳು.

"ಏನ್ ಮಾಡ್ದೆ ಗೊತ್ತೇನೇ ನಿಂಗೆ?" ಅಂದೆ.

"ಬಂದ ತಕ್ಷಣ ಯಾಕೋ ಹಾರಾಡ್ತೀಯ? ಕೂತ್ಕೋ, ನೀರು ಕುಡಿ."

"ನೀರು ಬೇಡ. ಈ ಮನೆ ಕೆಡವಿ ಅಂತ ನೀನೇ ಹೇಳಿ ಬಂದಿದೀಯ, ಅದನ್ನ ಮೊದ್ಲು ಕೇಳು."

ನಕ್ಷೆ ಬಿಡಿಸಿ ತೋರಿಸಿದೆ. ಕೆಂಪು ಗೆರೆ ಮಂದಿರದ ಹಿಂದಿನ ಗೋಡೆಯಿಂದ ಹೊರಟು ಓಣಿಯನ್ನು ಪೂರ್ತಿ ಸುತ್ತಿಕೊಂಡಿತ್ತು. ಬದಲಿ ಜಾಗ ಬಸ್ಸಿನ ಕೊನೇ ನಿಲ್ದಾಣದ ಆಚೆ ಅಂತ ಮೂಲೆಯಲ್ಲಿ ಬರೆದಿತ್ತು. ಅಲ್ಲಿ ಬೀಗ ಹಾಕುವಂಥ ಮನೆಯೇ ಇಲ್ಲ, ಬೀಗದಕೈ ಯಾರಿಗೆ ಬೇಕು? ಅಕ್ಕ ಅರ ಕೆಳಗಿಟ್ಟಳು. ಆ ಕೆಂಪು ಗೆರೆಯ ಮೇಲೆ ಬೆರಳೆಳೆದಳು.

"ನಾನು ಪ್ರಾರ್ಥನೆ ಅಂದ್ಕೊಂಡೆ" ಅಂದಳು.

"ಎಲ್ರೂ ಹಂಗೇ ಅಂದ್ಕೊಂಡ್ರು. ಅಂದ್ಕೊಳ್ಲಿ ಅಂತಾನೇ ಅವ್ನು ಆ ರಾಗ ತೆಗೆದಿದ್ದು. ಹೋಗ್ಲಿ ಬಿಡು, ಇನ್ನೂ ಎಂಟು ದಿನ ಇದೆ. ಮುಂದಿನ ಸಭೆಯಲ್ಲಿ ಎದ್ದು ನಿಂತು ಬೇಡ ಅನ್ನು, ಒಂದೇ ಮಾತು. ಕಡತ ಸತ್ತೋಯ್ತು."

ಅಕ್ಕ ತಲೆ ಅಲ್ಲಾಡಿಸಿದಳು. "ಹೆಂಗೋ ಅನ್ಲಿ? ಅಂದಿದ್ದೀನಲ್ಲ, ದೇವರ ಮುಂದೆ."

ನನ್ನ ಮೈಯೆಲ್ಲ ಉರಿದುಹೋಯಿತು. "ತಿಳೀದೆ ಅಂದಿದ್ದು! ಅದಕ್ಕೇನು ಲೆಕ್ಕ?"

"ನಿಮ್ಮ ಭಾವ ಹಾಸಿಗೆ ಹಿಡಿದಿದ್ರಲ್ಲ" ಅಂದಳು, ನನ್ನ ಕಡೆ ನೋಡದೆ. "ಕೊನೇ ದಿನ ಹಿರಿಯರು ಬಂದು ತಲೆದೆಸೆಯಲ್ಲಿ ಕೂತು ಓದಿದ್ರು. ನಿನ್ನ ಇಚ್ಛೆಯಂತೆ ನಡೆಯಲಿ ಅಂತ. ಹಾಗೇ ಆಗಲಿ ಅಂದೆ. ಮನಸ್ಸಿನಲ್ಲಿ ಎಲ್ಲಿತ್ತೋ ಅದು? ಆಗಬಾರದು, ಆಗಬಾರದು ಅಂತ ಒಳಗೆ ಕೂಗ್ತಾ ಇದ್ದೆ, ಬಾಯಿ ಅದನ್ನ ಅಂತು. ಬಾಯಲ್ಲಿ ಅಂದಿದ್ದು ಮನಸ್ಸಿಗೆ ಇಳಿಯೋಕೆ ಎರಡು ವರ್ಷ ಹಿಡೀತು. ಈಗ ಬಂದು, ಬಾಯಿ ತಪ್ಪಿ ಅಂದೆ, ಲೆಕ್ಕಕ್ಕಿಲ್ಲ ಅಂದ್ರೆ, ಅವತ್ತಿನದು ಏನಾಯ್ತು? ಅದೂ ಬಾಯಿ ತಪ್ಪಿ ಅಂದಿದ್ದೇ ಅಲ್ವಾ?"

ಸಂಕಟಕ್ಕೆ ಕೋಪವೂ ಬಂತು. ಮನೆ ಹೋಗುತ್ತಿದೆ, ಇವಳು ಕೂತು ಮಾತು ತೂಗುತ್ತಿದ್ದಾಳೆ ಅಂತ. ನಮ್ಮಕ್ಕನ ಜೊತೆ ಜಗಳವಾಡಿ ಗೆದ್ದವರು ಯಾರೂ ಇಲ್ಲ. ಭಾವ ಗೆಲ್ಲುವ ಪ್ರಯತ್ನವನ್ನೇ ಬಿಟ್ಟಿದ್ದರು. ಎದ್ದು ಬಂದೆ. ನಾನೇ ಬೇಡ ಅನ್ನಬಹುದಲ್ಲ ಅಂತ ಹೊಳೆಯಲೂ ಇಲ್ಲ; ಗುಮಾಸ್ತನ ಕೆಲಸ ಬರೆಯುವುದು, ಅನ್ನುವುದಲ್ಲ ಅಂದುಕೊಂಡಿದ್ದೆ.

ಆಮೇಲಿನ ದಿನಗಳಲ್ಲಿ ನನ್ನ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಕಚೇರಿಯಲ್ಲಿ ಮೇಜಿನ ಕೆಳಗೆ ಮಂಡಿ ಅಲ್ಲಾಡುತ್ತಲೇ ಇರುತ್ತಿತ್ತು. ಎದುರಿನ ಮೇಜಿನ ಟೈಪಿಸ್ಟು, "ನಡಾವಳಿಯವರೇ, ನೀವು ಅಲ್ಲಾಡಿದ್ರೆ ನನ್ನ ಅಕ್ಷರ ತಪ್ಪುತ್ತೆ" ಅಂತ ರೇಗಿದಳು. ಊಟಕ್ಕೆ ಕೂತರೆ ಎದ್ದೇಳಬೇಕು, ಎದ್ದರೆ ಕೂರಬೇಕು. ಬೀದಿಯಲ್ಲಿ ಯಾರೋ ಮಾತಿನ ಕೊನೆ ಎಳೆದರೆ ಸಾಕು, ನನ್ನ ತುಟಿ ಹಾಗೇ ಆಗಲಿ ಅನ್ನಲು ಸಿದ್ಧ. ಒಂದು ದಿನ ಹೆಂಡತಿ, "ಈ ಪರದೆ ಒಗೆಯೋಕೆ ಹಾಕ್ಲಾ..." ಅಂದಳು, ನಾನು ಹಾಗೇ ಆಗಲಿ ಅಂದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ, ಹೆದರಿಕೆಯಾಯಿತು.

ಅಧ್ಯಕ್ಷರು ಒಮ್ಮೆ ನನ್ನ ಮೇಜಿನ ಹತ್ತಿರ ಬಂದು, ಕುರ್ಚಿಯ ಬೆನ್ನಿಗೆ ಕೈ ಹಾಕಿ ನಿಂತು, "ನಿಮ್ಮ ಅಕ್ಷರ ಮುತ್ತಿನ ಹಾಗಿದೆ ಕಣ್ರೀ" ಅಂದರು. ಬೆಣ್ಣೆ ಹಚ್ಚುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. "ನಿಮ್ಮ ಅಕ್ಕನ ಮನೇನೂ ಅದ್ರಲ್ಲಿದೆಯಂತೆ, ಪಾಪ. ಆದ್ರೂ ಎಷ್ಟು ಗಟ್ಟಿಯಾಗಿ ಒಪ್ಪಿಗೆ ಕೊಟ್ರು ನೋಡಿ. ಅದಪ್ಪಾ ಭಕ್ತಿ ಅಂದ್ರೆ." ನಾನು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ. ಬಾಯಿ ಬಿಟ್ಟರೆ ಕೆಲಸ ಹೋಗುವಂಥ ಮಾತೇ ಬರುತ್ತಿತ್ತು.

ಐದನೇ ದಿನ ಒಂದು ದಾರಿ ಹೊಳೆಯಿತು. ಪುಸ್ತಕ! ಅಧ್ಯಕ್ಷರು ಮಾತಾಡಿದಾಗ ಪುಸ್ತಕ ಮುಚ್ಚಿರಲಿಲ್ಲ. ಪುಸ್ತಕ ತೆರೆದಿರುವಾಗ ಅಂದದ್ದೆಲ್ಲ ಪ್ರಾರ್ಥನೆ, ಸಭೆಯ ಒಪ್ಪಿಗೆ ಅಲ್ಲ. ಹಿರಿಯರು ಅಷ್ಟು ಹೇಳಿದರೆ ಅಕ್ಕನ ಮಾತು ಅಕ್ಕನ ಹತ್ತಿರ ಉಳಿಯುತ್ತದೆ, ಮನೆಯೂ ಉಳಿಯುತ್ತದೆ. ಅದೇ ಕಾಲಲ್ಲಿ ಮಂದಿರಕ್ಕೆ ಓಡಿದೆ.

ಹಿರಿಯರು ಹಿಂದಿನ ಕೋಣೆಯಲ್ಲಿ ಕನ್ನಡಕ ಒರೆಸುತ್ತ ಕೂತಿದ್ದರು. ಗೋಡೆಗೆ ಎರಡು ಹೊಸ ಧ್ವನಿವರ್ಧಕಗಳನ್ನು ಒರಗಿಸಿಟ್ಟಿತ್ತು, ಇನ್ನೂ ಪ್ಲಾಸ್ಟಿಕ್ ಬಿಚ್ಚಿರಲಿಲ್ಲ. ಯಾರು ಕೊಟ್ಟರು ಅಂತ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

"ಪುಸ್ತಕ ಮುಚ್ಚಿರಲಿಲ್ಲ, ಅಲ್ವಾ?" ಅಂದೆ.

"ಇಲ್ಲಪ್ಪ. ಇನ್ನೂ ಒಂದು ಪುಟ ಬಾಕಿ ಇತ್ತು. ನಡುವೆ ಬಾಯಿ ಹಾಕಿದ, ನಾನೇನ್ ಮಾಡ್ಲಿ?"

"ಅಷ್ಟನ್ನೇ ಸಭೆಯಲ್ಲಿ ಹೇಳಿ. ಹೆಚ್ಚು ಬೇಡ, ಕಡಿಮೆ ಬೇಡ."

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. "ಅಂಗಳ ದೊಡ್ಡದಾದ್ರೆ ಒಳ್ಳೇದೇ ಅಲ್ವೇನೋ? ಜನ ಹೊರಗೆ ಬಿಸಿಲಲ್ಲಿ ನಿಲ್ತಾರೆ."

"ಹನ್ನೊಂದು ಮನೆಯವರು ಎಲ್ಲಿ ನಿಲ್ತಾರೆ?"

ಅವರು ಮತ್ತೆ ಕನ್ನಡಕ ತೆಗೆದು ಒರೆಸುತ್ತ, "ಕೇಳಿದ್ರೆ ಹೇಳ್ತೀನಿ. ಸುಳ್ಳು ಹೇಳೋ ವಯಸ್ಸಲ್ಲ ನಂದು" ಅಂದರು. ಅವರ ಕಾಲು ಮುಟ್ಟಿ ಬಂದೆ. ಆವತ್ತು ಒಂದಿಷ್ಟು ಊಟ ಸೇರಿತು. ಅಕ್ಕನಿಗೂ ಹೇಳಿದೆ. "ಹಿರಿಯರು ಅಂದ್ರೆ ಮುಗೀತು" ಅಂದಳು, ನಿಟ್ಟುಸಿರು ಬಿಟ್ಟು ಯಂತ್ರ ತಿರುಗಿಸಿದಳು.

ಎಂಟನೇ ದಿನ ಮತ್ತೆ ಮಂದಿರದಲ್ಲೇ ಸಭೆ. ಈ ಸಲ ಪ್ರಾರ್ಥನೆ ಪೂರ್ತಿಯಾಗಿ, ಪುಸ್ತಕ ಮುಚ್ಚಿ, ದಾರ ಸುತ್ತಿದಮೇಲೆ ನನ್ನನ್ನು ಕರೆದರು. ನಾನು ಎದ್ದು ನಡಾವಳಿ ಓದಿದೆ. ಮೂರು ವಿಷಯ ಸರಸರ ಓದಿ, ನಾಲ್ಕನೆಯದಕ್ಕೆ ಬಂದಾಗ ನಿಧಾನ ಮಾಡಿದೆ. "ಪ್ರಾರ್ಥನೆಯ ಪುಸ್ತಕ ಇನ್ನೂ ತೆರೆದಿರುವಾಗಲೇ ಅಧ್ಯಕ್ಷರು ಮೂರು ಸಾಲು ಹೇಳಿದರು. ನೆರೆದವರು ಹಾಗೇ ಆಗಲಿ ಎಂದರು." ಅಷ್ಟೇ ಬರೆದಿದ್ದೆ, ನಡೆದದ್ದು ಅಷ್ಟೇ. 'ಒಕ್ಕೊರಲಿನ ಒಪ್ಪಿಗೆ' ಅನ್ನುವ ಮಾತು ಎಲ್ಲೂ ಇರಲಿಲ್ಲ.

ಅಧ್ಯಕ್ಷರು ನಕ್ಕರು. "ನಮ್ಮ ನಡಾವಳಿಯವರಿಗೆ ಕಣ್ಣು ಮಂಜಾಗಿರಬೇಕು. ಹಿರಿಯರೇ, ನೀವೇ ಹೇಳಿಬಿಡಿ. ಪುಸ್ತಕ ಮುಚ್ಚಿತ್ತಲ್ವಾ?"

ಧ್ವನಿವರ್ಧಕಗಳು ಈಗ ಕಂಬದ ಮೇಲಿದ್ದವು. ಹಿರಿಯರು ಅವುಗಳ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಮಡಿಲಲ್ಲಿದ್ದ ಪುಸ್ತಕದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಮುಚ್ಚಿತ್ತು" ಅಂದರು.

ಆ ಒಂದು ಮಾತು ಹೊಸ ಧ್ವನಿವರ್ಧಕದಲ್ಲಿ ಹೊರಗಿನ ಬೀದಿಯವರೆಗೂ ಕೇಳಿಸಿತು. ನನಗೆ ಅಕ್ಷರ ತಿದ್ದಿಸಿದ ಮನುಷ್ಯ! ನನ್ನ ಪೆನ್ನು ಕೆಳಗೆ ಬಿತ್ತು. ಬಗ್ಗಿ ತೆಗೆದುಕೊಳ್ಳುವಾಗ ಅಕ್ಕನ ಮುಖ ಕಂಡಿತು. ಅವಳು ಹಿರಿಯರನ್ನೇ ನೋಡುತ್ತಿದ್ದಳು. ಕೋಪ ಇರಲಿಲ್ಲ. ಭಾವನ ಹೆಣ ಎತ್ತಿದ ದಿನ ಇದ್ದ ಮುಖ.

ಅಧ್ಯಕ್ಷರು ತಡ ಮಾಡಲಿಲ್ಲ. ಕೈ ಎರಡೂ ಎತ್ತಿ, ಮತ್ತೆ ಆ ರಾಗ ಹಿಡಿದರು. "ಹಾಗಾದರೆ ನಾಲ್ಕನೇ ವಿಷಯ ಖಾಯಂ ಆಗಲಿ..."

ಬಾಯಿಗಳು ತೆರೆದೇಬಿಟ್ಟಿದ್ದವು. ಅಷ್ಟರಲ್ಲಿ ಅಕ್ಕ ಎದ್ದಳು. ಮಡಿಲಿನ ಹಿತ್ತಾಳೆ ಪುಡಿ ಕೊಡವಿಕೊಂಡಳು.

"ಅಧ್ಯಕ್ಷರೇ, ಅದನ್ನೇ ರಾಗ ಬಿಟ್ಟು ಹೇಳಿ."

"ಏನಮ್ಮ?"

"ರಾಗ ಬಿಟ್ಟು. ನಾವು ಅಂಗಡಿಯಲ್ಲಿ ಮಾತಾಡ್ತೀವಲ್ಲ, ಹಂಗೆ. ಏನು ಖಾಯಂ ಆಗ್ಬೇಕು?"

"ಅಂಗಳ..."

"ಎಳೀಬೇಡಿ. ನೆಟ್ಟಗೆ ಹೇಳಿ."

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ಅಧ್ಯಕ್ಷರ ಕಿವಿ ಕೆಂಪಾಯಿತು. ನಕ್ಷೆಯನ್ನು ಕೈಗೆ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು, ಮೊದಲ ಸಲ ಮನುಷ್ಯರ ಹಾಗೆ ಮಾತಾಡಿದರು. "ಹಿಂದಿನ ಓಣಿಯ ಹನ್ನೊಂದು ಮನೆ ಕೆಡವಿ, ಜಾಗವನ್ನ ಮಂದಿರದ ಅಂಗಳಕ್ಕೆ ಸೇರಿಸೋದು. ಮನೆಯವರಿಗೆ ಕೊನೇ ನಿಲ್ದಾಣದ ಆಚೆ ಜಾಗ ಕೊಡೋದು. ಒಪ್ಪಿಗೆ ಇದೆಯಾ?"

ಈಗ ಯಾರ ಬಾಯಿಯೂ ತಾನಾಗಿ ತೆರೆಯಲಿಲ್ಲ. ಎಲ್ಲರಿಗೂ ಅರ್ಥವಾಗಿತ್ತು. ನಾನು ಖುಷಿಪಟ್ಟೆ. ಇದೋ, ಗೆದ್ದೆವು ಅಂದುಕೊಂಡೆ. ಜನ ಕೆಟ್ಟವರಲ್ಲ, ರಾಗಕ್ಕೆ ಮರುಳಾದವರು ಅಷ್ಟೇ ಅಂತ ನಂಬಿದ್ದೆ.

ಬಲಗಡೆಯಿಂದ ಒಂದು ದನಿ ಬಂತು, ಮೆಲ್ಲಗೆ. "ಹಾಗೇ ಆಗಲಿ." ನಮ್ಮ ಬೀದಿಯ ಚಪ್ಪಲಿ ಅಂಗಡಿಯವನು. ಅಕ್ಕ ಅವನ ಮೂರು ಬೀಗಕ್ಕೆ ಕೈ ಮಾಡಿಕೊಟ್ಟಿದ್ದಳು. ಆಮೇಲೆ ಇನ್ನೊಂದು ದನಿ. ಆಮೇಲೆ ನಾಲ್ಕಾರು. ಆಮೇಲೆ ಮಂದಿರವೇ ಅಂತು. ಓಣಿಯ ಮಿಕ್ಕ ಹತ್ತು ಮನೆಯವರು ಅಧ್ಯಕ್ಷರಿಗೆ ಹೆದರಿ ತಲೆ ತಗ್ಗಿಸಿ ಕೂತಿದ್ದರು, ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಹೋದ ಸಲ ಅಂದದ್ದು ಬಾಯಿ. ಈ ಸಲ ತಿಳಿದು, ಯೋಚಿಸಿ, ಅಕ್ಕನ ಮುಖ ನೋಡಿಕೊಂಡೇ ಅಂದರು. ಈ ರಾಗ ಬಿಡಿಸುವ ಕೆಲಸಕ್ಕೆ ಯಾಕಾದರೂ ಕೈ ಹಾಕಿದೆವೋ ಅನಿಸಿಬಿಟ್ಟಿತು ನನಗೆ. ಇದನ್ನು ಕೇಳದೆ ಇದ್ದಿದ್ದರೆ ಚೆನ್ನಾಗಿತ್ತು.

ಅಕ್ಕ ಎಲ್ಲರದೂ ಮುಗಿಯುವವರೆಗೆ ನಿಂತಿದ್ದಳು.

"ಅಂಗಳ ಹರಡಲಿ ಅಂದ್ರಿ, ಹಾಗೇ ಆಗಲಿ ಅಂದಿದ್ದೆ. ಅದು ದೇವರ ಮುಂದೆ ಅಂದಿದ್ದು, ವಾಪಸ್ ತಗೊಳ್ಳಲ್ಲ. ಎತ್ತ ಬೇಕೋ ಅತ್ತ ಹರಡಲಿ. ಮನೆ ಕೆಡವಲಾ ಅಂತ ನನ್ನನ್ನ ಯಾರೂ ಕೇಳಿರಲಿಲ್ಲ. ಈಗ ಕೇಳಿದ್ರಿ." ಆಮೇಲೆ ಅವಳ ಎಂದಿನ ದೊಡ್ಡ ದನಿಯಲ್ಲೇ, "ಬೇಡ" ಅಂದಳು.

ಆ ಗೋಡೆಗಳು ಆ ಶಬ್ದವನ್ನು ಹಿಂದೆಂದೂ ಕೇಳಿರಲಿಲ್ಲವೇನೋ. ನಾನು ಕೂತು ಬರೆದೆ: ಒಬ್ಬರು ಬೇಡ ಎಂದರು. ಬರೆದ ಮೇಲೆ ನಾಚಿಕೆಯಾಯಿತು. ನಾನೂ ಈ ವಾರ್ಡಿನವನೇ, ನನಗೂ ಬಾಯಿದೆ. ಎದ್ದು ನಿಂತು, "ಬೇಡ" ಅಂದೆ. ಕೂತು, 'ಒಬ್ಬರು' ಅನ್ನುವುದನ್ನು ಹೊಡೆದು 'ಇಬ್ಬರು' ಅಂತ ಮಾಡಿದೆ. ಕಡತ ಬಿತ್ತು. ಅಧ್ಯಕ್ಷರು ನಕ್ಷೆ ಮಡಚಿಕೊಂಡು ಹೋದರು. ನನಗೆ ವರ್ಗಾವಣೆ ಕಾಗದ ನಾಳೆಯೋ ನಾಡಿದ್ದೋ ಬರುತ್ತದೆ, ಬರಲಿ.

ಮನೆ ಉಳಿಯಿತು ಅಂತ ಅಕ್ಕ ಸಂಭ್ರಮ ಪಡಲಿಲ್ಲ. ಮೂರು ದಿನ ಅಂಗಡಿ ತೆರೆಯಲಿಲ್ಲ. ನಾನು ಹೋಗಿ ಗದರಿದೆ, ಬೇಡಿದೆ, ಒಮ್ಮೆ ಅತ್ತೂಬಿಟ್ಟೆ. "ಮನೆ ಇದೆಯಲ್ಲೋ, ಹೋಗು ನೀನು" ಅಂದಳು. ಇನ್ನು ಮಂದಿರದ ಕಡೆ ಹೋಗುವುದಿಲ್ಲ ಇವಳು ಅಂದುಕೊಂಡೆ. ಆದರೆ ವಾರದ ಪ್ರಾರ್ಥನೆಯ ದಿನ ತಲೆ ಬಾಚಿಕೊಂಡು ಹೊರಟಳು. ನಾನೂ ಹಿಂದೆಯೇ ಹೋದೆ.

ಎರಡನೇ ಸಾಲಿನಲ್ಲಿ ಅವಳು ಕೂತ ಕೂಡಲೇ ಅಕ್ಕಪಕ್ಕದವರು ಸ್ವಲ್ಪ ಸ್ವಲ್ಪ ಸರಿದರು. ಅವಳ ಎರಡೂ ಕಡೆ ಒಬ್ಬೊಬ್ಬರು ಕೂರುವಷ್ಟು ಜಾಗ ಖಾಲಿಯಾಯಿತು. ನಾನು ಹೋಗಿ ಒಂದು ಕಡೆ ತುಂಬಿದೆ. ಹಿರಿಯರು ಮೊದಲ ಸಾಲು ಓದಿ ನಿಲ್ಲಿಸಿದರು. ಎಲ್ಲರೂ ಹಾಗೇ ಆಗಲಿ ಅಂದರು. ಅಕ್ಕ ಅನ್ನಲಿಲ್ಲ. ಕಣ್ಣು ತೆರೆದೇ ಇತ್ತು, ಹುಬ್ಬು ಗಂಟಿಕ್ಕಿತ್ತು, ಆ ಸಾಲನ್ನು ಒಳಗೇ ಇನ್ನೊಮ್ಮೆ ಹೇಳಿಕೊಳ್ಳುತ್ತಿದ್ದಳು. ಆಮೇಲೆ ಒಬ್ಬಳೇ, ಗಟ್ಟಿಯಾಗಿ, "ಹಾಗೇ ಆಗಲಿ" ಅಂದಳು. ಎರಡನೇ ಸಾಲು ಓದಲು ಬಾಯಿ ತೆರೆದಿದ್ದ ಹಿರಿಯರು ಅಲ್ಲೇ ತಡೆದರು. ಎರಡನೆಯದಕ್ಕೂ ಅದೇ. ಮೂರನೆಯದಕ್ಕೂ. ಜನ ಕೊಸರಾಡಿದರು. ಯಾರೋ ನಾಲಿಗೆ ಲೊಚಗುಟ್ಟಿದರು. ನಮ್ಮನ್ನು ಆಳುವವರಿಗೆ ಬುದ್ಧಿ ಬರಲಿ ಅನ್ನುವ ಸಾಲಿಗೆ ಮಾತ್ರ ಅವಳು ಎಲ್ಲರಿಗಿಂತ ಮೊದಲೇ ಅಂದುಬಿಟ್ಟಳು, ನನಗೆ ನಗು ತಡೆಯಲಾಗಲಿಲ್ಲ. ಹಿರಿಯರು ಈಗ ಪ್ರತಿ ಸಾಲಿಗೂ ಅವಳ ದನಿ ಬಂದಮೇಲೆಯೇ ಮುಂದಕ್ಕೆ ಹೋಗುತ್ತಿದ್ದರು.

ಕೊನೆಯ ಪುಟ ಬಂತು. ಹಿರಿಯರು ಓದಲು ಹೋಗಿ ತಡವರಿಸಿದರು. ನೀರು ಕುಡಿದರು. ಆಮೇಲೆ ರಾಗ ಎಳೆಯದೆ, ಬರಿ ಮಾತಿನಂತೆ ಓದಿದರು.

"ಸುಳ್ಳಾಡಿದ ನಾಲಿಗೆಗೆ ಕ್ಷಮೆ ಸಿಗಲಿ."

"ಹಾಗೇ ಆಗಲಿ" ಅಂತು ಮಂದಿರ.

ಹಿರಿಯರು ಮುಂದಿನ ಸಾಲಿಗೆ ಹೋಗಲಿಲ್ಲ. ಕನ್ನಡಕದ ಮೇಲಿಂದ ಅಕ್ಕ ಕೂತಿದ್ದ ಕಡೆ ನೋಡಿದರು. ಅವರ ಬೆರಳು ಆ ಸಾಲಿನ ಮೇಲೇ ನಿಂತಿತ್ತು. ಮಂದಿರವೆಲ್ಲ ತಿರುಗಿ ಅಕ್ಕನನ್ನು ನೋಡಿತು. ಹೇಳಿಬಿಡು ಅಂತ ನಾನು ಅವಳ ಮೊಣಕೈ ತಿವಿದೆ. ಅವಳು ನನ್ನ ಕೈ ಸರಿಸಿದಳು.

ಅಕ್ಕ ಇನ್ನೂ ಯೋಚಿಸುತ್ತಿದ್ದಳು.